ಕವಲೇದುರ್ಗ, ಕೊಡಚಾದ್ರಿ, ಕೊನೆಗೆ ಸೇಂಟ್ ಮೇರೀಸ್ ದ್ವೀಪ: ನಿಟ್ಟೂರು ಕಡೆ ಹೋಮ್‌ಸ್ಟೇಯವ್ರ ಕಾಲ್ದಾರಿ ನಡಿಗೆ ಹೇಗಿದೆ

ಶಿವಮೊಗ್ಗದ ನಮ್ಮಂಥವ್ರಿಗೆ ಕೊಡಚಾದ್ರಿ ಅಂದ್ರೆ ಜೀಪು, ಕವಲೇದುರ್ಗ ಅಂದ್ರೆ ಭಾನುವಾರ ಬೆಳಿಗ್ಗೆ ಹೋಗಿ ಮಧ್ಯಾಹ್ನ ತೀರ್ಥಹಳ್ಳಿಲಿ ಊಟ ಮಾಡ್ಕೊಂಡು ವಾಪಸ್ ಬರೋದು, ಮಲ್ಪೆ ಅಂದ್ರೆ ಬೀಚು, ಮೀನು. ಈ ಮೂರೂ ಜಾಗನ ಹಳೇ ಕಾಲ್ದಾರಿ ಲೆಕ್ಕದಲ್ಲಿ ಒಂದೇ ಸುತ್ತಿಗೆ ತೋರಿಸೋರು ಒಬ್ರಿದ್ದಾರೆ ಅಂತ ಗೊತ್ತಾದಾಗ ಹೋಗ್ಲೇಬೇಕು ಅನ್ನಿಸ್ತು, ಮನೆಯವ್ರೆಲ್ಲ ಸೇರಿ ಹೋಗಿ ಬಂದ್ವಿ. ಹೊಸನಗರ ತಾಲೂಕಿನ ನಿಟ್ಟೂರು ಕಡೆ ಅಡಿಕೆ ತೋಟದ ಮನೆ ಅದು, ಎರಡು ರೂಮು ಹೋಮ್‌ಸ್ಟೇಗೆ ಬಿಟ್ಟಿದ್ದಾರೆ, ಅದರ ಜೊತೆಗೆ ಈ ನಡಿಗೆ. ಬೋರ್ಡ್ ಇಲ್ಲ, ಆನ್‌ಲೈನ್ ಪೇಜ್ ಇಲ್ಲ, ಒಬ್ರಿಂದ ಒಬ್ರಿಗೆ ಫೋನ್ ನಂಬರ್ ಹೋಗಿ ಜನ ಬರ್ತಾರೆ. ಒಂದು ಸಲಕ್ಕೆ ಏಳೆಂಟು ಜನಕ್ಕಿಂತ ಜಾಸ್ತಿ ಕರ್ಕೊಂಡು ಹೋಗೋಕೆ ಅವ್ರಿಗೆ ಇಷ್ಟ ಇಲ್ಲ, ಹಾಗಾಗಿ ಹೆಸರು ಎಲ್ಲೂ ಹಾಕ್ಬೇಡಿ ಅಂತ ಕೇಳ್ಕೊಂಡಿದ್ದಾರೆ, ಅದನ್ನ ನಡೆಸ್ತೀನಿ. ಉಳಿದಿದ್ದೆಲ್ಲ ಬಿಡಿಸಿ ಬರೀತೀನಿ, ಯಾಕಂದ್ರೆ ಇಂಥ ಕೆಲಸ ಮಾಡೋರು ನಮ್ ಜಿಲ್ಲೇಲಿ ತುಂಬ ಕಮ್ಮಿ.

ಬೇರೆ ಟ್ರೆಕ್ಕಿಂಗ್ ಗ್ರೂಪ್‌ಗಳು ರಾತ್ರಿ ಬಸ್ಸಲ್ಲಿ ಕರ್ಕೊಂಡು ಬಂದು, ಬೆಳಗಾಗೋದ್ರೊಳಗೆ ತುದಿ ಮುಟ್ಟಿಸಿ, ಫೋಟೋ ಹೊಡೆಸಿ, ಸಾಯಂಕಾಲ ವಾಪಸ್ ಹತ್ತಿಸಿ ಬಿಡ್ತಾರೆ. ಈ ಮನೆ ಗೌಡ್ರು ಅವ್ರೇ ಗೈಡು, ಅವ್ರು ತುದಿ ಬಗ್ಗೆ ಜಾಸ್ತಿ ಮಾತಾಡೋದೇ ಇಲ್ಲ. ದಾರಿ ಇಲ್ಲಿ ಯಾಕೆ ಬಲಕ್ಕೆ ತಿರುಗ್ತು, ಇಲ್ಲಿ ಕಲ್ಲು ಹಾಸಿದ್ದಾರೆ ಅಲ್ಲಿ ಯಾಕಿಲ್ಲ, ಈ ಮರದ ಬುಡದಲ್ಲಿ ಎದೆ ಎತ್ತರಕ್ಕೆ ಚಪ್ಪಡಿ ಕಲ್ಲು ಯಾಕೆ ನಿಲ್ಲಿಸಿದ್ದಾರೆ (ತಲೆ ಮೇಲಿನ ಹೊರೆನ ಇನ್ನೊಬ್ರ ಸಹಾಯ ಇಲ್ದೆ ಇಳಿಸಿ ಮತ್ತೆ ಹೊತ್ಕೊಳ್ಳೋಕೆ), ಬರೀ ಇಂಥದ್ದೇ ಮಾತು. ಒಂದು ಗಂಟೆ ಕೇಳಿದ್ಮೇಲೆ ನಾವೂ ನೆಲ ನೋಡ್ಕೊಂಡು ನಡಿಯೋಕೆ ಶುರು ಮಾಡಿದ್ವಿ. ನನ್ ಪ್ರಕಾರ ದುಡ್ಡು ಕೊಟ್ಟಿದ್ದಕ್ಕೆ ಸಿಗೋ ದೊಡ್ಡ ವಸ್ತು ಇದೇನೆ.

ಬುಕಿಂಗ್ ಫೋನಲ್ಲೇ. ಮೊದಲ ಫೋನಲ್ಲಿ ದುಡ್ಡಿನ ವಿಷ್ಯ ಬರ್ಲೇ ಇಲ್ಲ, "ಮಂಡಿ ಹೆಂಗಿದೆ ನಿಮ್ದು? ವಯಸ್ಸಾದವ್ರು ಇದ್ದಾರಾ? ಶೂ ಹಳೇದಾ ಹೊಸದಾ?" ಅಂತ ಕೇಳಿದ್ರು. ಹೊಸ ಶೂ ಅಂದಿದ್ದಕ್ಕೆ ಹದಿನೈದು ದಿನ ಹಾಕ್ಕೊಂಡು ಓಡಾಡಿ ಆಮೇಲೆ ಬನ್ನಿ ಅಂದ್ರು. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಧಾಮದೊಳಗೆ ಬರೋದ್ರಿಂದ ಅರಣ್ಯ ಇಲಾಖೆ ಅನುಮತಿ, ಟಿಕೆಟ್ಟು ಬೇಕೇ ಬೇಕು, ಅದನ್ನ ಅವ್ರೇ ಮುಂಚೆ ಮಾಡಿಸಿಟ್ಟಿದ್ರು, ನಮ್ ಆಧಾರ್ ಕಾಪಿ ಕಳಿಸಿದ್ದಷ್ಟೇ ನಮ್ ಕೆಲಸ. ಈ ವಿಷಯದಲ್ಲಿ ಒಂದು ಮಾತು ಹೇಳ್ಬೇಕು, "ಅನುಮತಿ ಏನೂ ಬೇಡ, ಹಿಂದಿನ ದಾರಿಲಿ ಕರ್ಕೊಂಡು ಹೋಗ್ತೀವಿ" ಅನ್ನೋರು ಯಾರಾದ್ರೂ ಸಿಕ್ಕಿದ್ರೆ ದಯವಿಟ್ಟು ಹೋಗ್ಬೇಡಿ, ಕಾಡಲ್ಲಿ ಏನಾದ್ರೂ ಆದ್ರೆ ಹುಡುಕೋಕೆ ಬರೋರಿಗೂ ನೀವು ಎಲ್ಲಿದ್ದೀರಿ ಅಂತ ಗೊತ್ತಿರಲ್ಲ.

ಶುರು ಕವಲೇದುರ್ಗದಿಂದ. ತೀರ್ಥಹಳ್ಳಿ ತಾಲೂಕಿನ ಈ ಕೋಟೆಗೆ ಭುವನಗಿರಿ ದುರ್ಗ ಅಂತಾನೂ ಹೆಸರಿದೆ, ಕೆಳದಿ ಅರಸ ವೆಂಕಟಪ್ಪ ನಾಯಕ 17ನೇ ಶತಮಾನದಲ್ಲಿ ಗಟ್ಟಿ ಮಾಡಿಸಿದ್ದು. ಊರಿಂದ ಗದ್ದೆ ಬದಿಲೇ ಕಲ್ಲು ಹಾಸಿದ ದಾರಿ ಶುರುವಾಗತ್ತೆ, ಹಿಂದೆ ಎಲ್ಲ ಅದನ್ನ ತುಳ್ಕೊಂಡು ದಡದಡ ಅಂತ ಮೇಲೆ ಹೋಗಿ ಬಂದಿದ್ದೇ, ಈ ಸಲ ಗೌಡ್ರು ಮೊದಲ ಬಾಗಿಲಿಗೆ ಮುಂಚೆನೇ ಕೂರಿಸಿದ್ರು. ಮೆಟ್ಟಿಲು ಎಷ್ಟು ಗಿಡ್ಡ ಎಷ್ಟು ಅಗಲ ಇದೆ ನೋಡಿ, ಇದು ಮನುಷ್ಯರ ಕಾಲಿಗೆ ಅಳತೆ ಮಾಡಿದ್ದಲ್ಲ ಹೇರು ಹೊತ್ತ ಎತ್ತಿನ ಕಾಲಿಗೆ ಅಂತ ತೋರಿಸಿದ್ರು, ಕಲ್ಲುಗಳು ಗುಡ್ಡದ ಕಡೆ ಸ್ವಲ್ಪ ವಾಲಿರೋದನ್ನ ಬಾಟ್ಲಿ ನೀರು ಸುರಿದು ತೋರಿಸಿದ್ರು, ನೀರು ದಾರಿ ಮೇಲೆ ಹರಿಯದೆ ಒಳಬದಿಗೆ ಸರಿದು ಹೋಯ್ತು. ಮಲೆನಾಡಿನ ಮಳೆಗೆ ನಮ್ ಡಾಂಬರ್ ರೋಡು ಎರಡು ವರ್ಷ ತಡಿಯಲ್ಲ, ಇದು ಮುನ್ನೂರು ನಾನೂರು ಮಳೆಗಾಲ ಕಂಡಿದೆ. ಅಕ್ಕ ಅಲ್ಲೇ ಬಗ್ಗಿ ಕಲ್ಲು ಮುಟ್ಟಿ ನೋಡಿದ್ಲು.

ಮೇಲೆ ಒಂದಾದ್ಮೇಲೊಂದು ಬಾಗಿಲು, ಪಕ್ಕದಲ್ಲಿ ಕಾವಲಿನವ್ರ ಕಟ್ಟೆ, ಕೊಳ, ಕಾಶಿ ವಿಶ್ವನಾಥ ದೇವಸ್ಥಾನ, ಅರಮನೆ ಅಡಿಪಾಯ, ತುದಿಲಿ ಚಿಕ್ಕ ಗುಡಿ. ಇದನ್ನೆಲ್ಲ ಬೇರೆ ಕಡೆ ಬೇಕಾದಷ್ಟು ಜನ ಬರ್ದಿದ್ದಾರೆ, ನಾನು ಬಿಡ್ತೀನಿ.

ಅಲ್ಲಿಂದ ನಿಟ್ಟೂರಿಗೆ ಹೋಗೋ ದಾರಿಲಿ ನಗರದ ಕೋಟೆ ಹತ್ರ ಗಾಡಿ ನಿಲ್ಲಿಸ್ತಾರೆ. ಇವತ್ತಿನ ನಗರಾನೇ ಹಳೇ ಬಿದನೂರು, ಕೆಳದಿಯವ್ರ ಕೊನೇ ರಾಜಧಾನಿ, 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಇಷ್ಟು ಒಳಗೆ, ಇಷ್ಟು ಮಳೇಲಿ, ಇಂಥ ಕಾಡಲ್ಲಿ ಯಾಕೆ ರಾಜಧಾನಿ ಮಾಡ್ಕೊಂಡ್ರು ಅಂತ ಅಕ್ಕನ ಮಗ ಕೇಳ್ದ. ಗೌಡ್ರು ಕೋಟೆ ಗೋಡೆ ಮೇಲಿಂದ ಪಶ್ಚಿಮಕ್ಕೆ ಕೈ ತೋರಿಸಿ, "ತಮ್ಮಾ, ಹಿಂಗೆ ಹೋದ್ರೆ ಹೊಸಂಗಡಿ ಘಾಟಿ, ಇಳಿದ್ರೆ ಕುಂದಾಪುರ, ಬಸರೂರು. ಮೆಣಸು ಇಳಿಯೋ ದಾರಿ ಯಾರ ಕೈಲಿರತ್ತೋ ದುಡ್ಡೂ ಅವ್ರ ಕೈಲೇ" ಅಂದ್ರು. ಮೆಣಸು, ಅಡಿಕೆ, ಅಕ್ಕಿ ಕೆಳಗೆ, ಉಪ್ಪು, ಒಣಮೀನು, ಕಾಯಿ ಮೇಲೆ. ಈ ದಾರಿಗಳನ್ನ ಹತ್ತಿ ಬಂದೋರಲ್ಲಿ ದೂರದವ್ರೂ ಇದ್ರು, ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನೋ ಪ್ರವಾಸಿ 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ, ಕಂಡಿದ್ದನ್ನೆಲ್ಲ ಬರೆದಿಟ್ಟಿದ್ದಾನೆ. 1783ರಲ್ಲಿ ಬ್ರಿಟಿಷ್ ಜನರಲ್ ಮ್ಯಾಥ್ಯೂಸ್ ಕುಂದಾಪುರ ಕಡೆಯಿಂದ ಇದೇ ಹೊಸಂಗಡಿ ಘಾಟಿ ಹತ್ತಿ ಬಿದನೂರು ಹಿಡಿದ, ಕೆಲವೇ ತಿಂಗಳಲ್ಲಿ ಟಿಪ್ಪು ವಾಪಸ್ ತಗೊಂಡ. ಇಷ್ಟೆಲ್ಲ ಸ್ಕೂಲಲ್ಲಿ ಓದಿದ್ರೂ ದಾರಿ ಮೇಲೆ ನಿಂತು ಕೇಳಿದಾಗ ಬೇರೆ ಥರ ತಲೆಗೆ ಹೋಗತ್ತೆ.

ಮನೆ ಬಗ್ಗೆ. ಹೆಂಚಿನ ಮನೆ, ಅಂಗಳಕ್ಕೆ ಅಡಿಕೆ ಚಪ್ಪರ, ರೂಮು ಸಣ್ಣದು ಆದ್ರೆ ಚೊಕ್ಕ, ಬಚ್ಚಲಲ್ಲಿ ಹಂಡೆ ನೀರು ಯಾವಾಗಲೂ ಕಾದಿರತ್ತೆ. ಟಾಯ್ಲೆಟ್ ಮನೆಯಿಂದ ಹೊರಗಿದೆ, ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗ್ಬೇಕು, ವಯಸ್ಸಾದವ್ರಿಗೆ ಕಷ್ಟ, ಇದನ್ನ ಸರಿ ಮಾಡಿ ಅಂತ ಅವ್ರಿಗೂ ಹೇಳಿದೀನಿ. ಮೊಬೈಲ್ ಸಿಗ್ನಲ್ ಗೇಟ್ ಹತ್ರ ಮಾತ್ರ. ಊಟ ಮಾತ್ರ ಹೇಳೋ ಹಾಗಿಲ್ಲ, ರಾತ್ರಿ ಕಡುಬು ಕೋಳಿ ಸಾರು, ತಿನ್ನದವ್ರಿಗೆ ಎಣ್ಣೆಗಾಯಿ, ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಬೆಳಿಗ್ಗೆ ಅಕ್ಕಿ ರೊಟ್ಟಿ ಕಾಯಿ ಚಟ್ನಿ ಜೋನಿ ಬೆಲ್ಲ. ದಾರಿಗೆ ಬಾಳೆ ಎಲೇಲಿ ಬುತ್ತಿ ಕಟ್ಟಿ ಕೊಡ್ತಾರೆ, ಚಿತ್ರಾನ್ನ ಮತ್ತೆ ಗಟ್ಟಿ ಮೊಸರನ್ನ, ಪ್ಲಾಸ್ಟಿಕ್ ಒಂದು ಚೂರೂ ಇಲ್ಲ. ಗೌಡ್ರ ಮನೆಯವ್ರು ಅಡುಗೆಮನೆಯಿಂದ ಹೊರಗೇ ಬರದೆ ಬಡಿಸೋರ ಕೈಲಿ ಕೇಳಿಸ್ತಾನೇ ಇದ್ರು, ಇನ್ನೊಂದು ರೊಟ್ಟಿ ಹಾಕ್ಲಾ, ಸಾರು ಖಾರ ಆಯ್ತಾ ಅಂತ. ಅಕ್ಕ ಕೊನೆಗೆ ಒಳಗೇ ಹೋಗಿ ಕೂತ್ಕೊಂಡು ಮಾತಾಡ್ತಾ ಊಟ ಮಾಡಿದ್ಲು.

ಎರಡನೇ ದಿನ ಕೊಡಚಾದ್ರಿ. ಇಲ್ಲಿ ಎರಡು ಭಾಗ ಇದೆ, ಮೊದಲನೇದು ಅವ್ರ ಮನೆ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರೋ ಕಾಡು) ಹಾದು ಹೋಗೋ ಹಳೇ ದಾರಿ. ಅವ್ರ ಅಜ್ಜನ ಕಾಲದಲ್ಲಿ ಕೊಲ್ಲೂರು ಕಡೆಯಿಂದ ಉಪ್ಪು ಬರ್ತಿದ್ದ ದಾರಿ ಅಂತೆ, ಈಗ ನೋಡಿದ್ರೆ ಆಳ ಆಗಿ ಕೊರೆದ ಓಣಿ, ಎರಡೂ ಕಡೆ ಜಂಬಿಟ್ಟಿಗೆ ಮಣ್ಣು ಭುಜದೆತ್ತರ ನಿಂತಿದೆ, ಕಾಲು ಮತ್ತೆ ಗೊರಸು ತುಳಿದು ತುಳಿದು ದಾರಿ ಒಳಗಿಳಿದಿರೋದು. ತೋಟದ ದಣಪೆ ದಾಟಿ, ಹಳ್ಳಕ್ಕೆ ಹಾಕಿರೋ ಸಂಕ ದಾಟಿ, ಅಲ್ಲಿಂದ ಮೇಲೆ ಹೊಕ್ಕರೆ ಹಗಲಲ್ಲೂ ಅರ್ಧ ಕತ್ತಲು. ರಾಮಪತ್ರೆ, ಧೂಪ, ಮುರುಗಲು, ಕೆಳಗೆಲ್ಲ ಬೆತ್ತ. ಮಂಗಟ್ಟೆ ರೆಕ್ಕೆ ಬಡಿಯೋ ಸದ್ದು ಕೇಳಿ ನಿಂತ್ವಿ, ಹಕ್ಕಿ ಕಾಣೋಕೆ ಮುಂಚೆ ಸದ್ದೇ ತಲೆ ಮೇಲೆ ಹಾದು ಹೋಯ್ತು. ಸಿಂಗಳೀಕ ಈ ಕಾಡಲ್ಲಿದೆ, ನಮ್ಗೆ ಕಾಣ್ಲಿಲ್ಲ, ಗೌಡ್ರು ತೋರಿಸ್ತೀನಿ ಅಂತ ಮಾತೂ ಕೊಟ್ಟಿರ್ಲಿಲ್ಲ, ಆ ಪ್ರಾಮಾಣಿಕತೆ ನನಗೆ ಇಷ್ಟ ಆಯ್ತು.

ಈ ತುಂಡು ದಾರಿ ಬಗ್ಗೆ ಇನ್ನೂ ಸ್ವಲ್ಪ ಹೇಳ್ಬೇಕು. ಗೌಡ್ರ ಕೈಲಿ ಇಡೀ ಹೊತ್ತು ಕತ್ತಿ ಇತ್ತು. ದಾರಿಗೆ ಬಾಗಿದ ಬೆತ್ತ, ಲಂಟಾನ, ಬಿದ್ದ ಕೊಂಬೆ ಎಲ್ಲ ಸವರ್ತಾ ಹೋಗ್ತಾರೆ, ನಡಿಗೆ ಇಲ್ದಿರೋ ಮಳೆಗಾಲ ಮುಗಿದ ತಕ್ಷಣ ಇಬ್ರು ಆಳು ಹಾಕಿ ಇಡೀ ಓಣಿ ಬಿಡಿಸ್ತಾರಂತೆ. "ಎರಡು ವರ್ಷ ಯಾರೂ ನಡೀದೆ ಇದ್ರೆ ಇದು ದಾರಿ ಅಂತ ನಮಗೂ ಗೊತ್ತಾಗಲ್ಲ" ಅಂದ್ರು. ಕೊರೊನಾ ಟೈಮಲ್ಲಿ ಹಾಗೇ ಆಗಿತ್ತಂತೆ, ಮೇಲಿನ ಅರ್ಧ ದಾರಿ ಮುಚ್ಚಿ ಹೋಗಿ, ವಯಸ್ಸಾದ ಒಬ್ಬ ಅಜ್ಜನ್ನ ಕರ್ಕೊಂಡು ಬಂದು ಎಲ್ಲಿತ್ತು ಅಂತ ಕೇಳಿ ಮತ್ತೆ ಬಿಡಿಸಿದ್ರಂತೆ. ಆ ಅಜ್ಜ ಈಗಿಲ್ಲ. ನಮ್ ಸುತ್ತಮುತ್ತ ಇಂಥ ದಾರಿ ಎಷ್ಟೋ ಅಕೇಷಿಯಾ ಪ್ಲಾಂಟೇಶನ್ ಒಳಗೆ, ಹೊಸ ತೋಟದ ಬೇಲಿ ಒಳಗೆ ಹೋಗಿಬಿಟ್ಟಿದೆ, ಸರ್ವೆ ನಕ್ಷೇಲಿ ಇರತ್ತೆ, ನೆಲದ ಮೇಲೆ ಇರಲ್ಲ. ನಾವು ಕೊಟ್ಟ ದುಡ್ಡಲ್ಲಿ ಒಂದು ಪಾಲು ಆ ಕತ್ತಿ ಕೆಲಸಕ್ಕೆ ಹೋಗತ್ತೆ ಅಂತ ಗೊತ್ತಾದ್ಮೇಲೆ ರೇಟ್ ಬಗ್ಗೆ ನನಗೆ ತಕರಾರೇ ಉಳೀಲಿಲ್ಲ.

ಅಕ್ಕನ ಮಗ ಜರ್ಮನಿಲಿ ಕೆಲಸ ಮಾಡ್ತಾನೆ, ಅವ್ನು ರಜೆಗೆ ಕ್ಯಾನರಿ ದ್ವೀಪಗಳಲ್ಲಿ ಲಾ ಪಾಲ್ಮಾಕ್ಕೆ ಹೋಗಿ ನಡೆದು ಬಂದಿದ್ದ. ಅಟ್ಲಾಂಟಿಕ್ ಸಮುದ್ರದಲ್ಲಿ ಜ್ವಾಲಾಮುಖಿ ಕಕ್ಕಿ ಎದ್ದಿರೋ ದ್ವೀಪ ಅದು, ಸ್ಪೇನ್‌ಗೆ ಸೇರಿದ್ದು. ರೋಡ್ ಬರೋಕೆ ಮುಂಚೆ ಊರಿಂದ ಊರಿಗೆ ಹೇಸರಗತ್ತೆ ಮೇಲೆ ಸಾಮಾನು ಹೋಗ್ತಿದ್ದ ಕಲ್ಲು ಹಾಸಿನ ದಾರಿಗಳನ್ನೇ ಅಲ್ಲಿ ಈಗ ನಡಿಗೆ ದಾರಿ ಮಾಡಿದ್ದಾರೆ, ದೂರದ ದಾರಿಗೆ ಬಿಳಿ ಕೆಂಪು ಪಟ್ಟೆ, ಸಣ್ಣ ದಾರಿಗೆ ಬಿಳಿ ಹಳದಿ ಪಟ್ಟೆ, ಕಲ್ಲು ಮರದ ಮೇಲೆ ಬಣ್ಣ ಬಳಿದಿರ್ತಾರೆ, ತಪ್ಪು ದಾರಿ ಇದ್ರೆ ಅಡ್ಡ ಗೀಟು. ಅಷ್ಟೇ ಗುರುತು ಇಟ್ಕೊಂಡು ಒಬ್ಬನೇ ದಿನಗಟ್ಲೆ ನಡೆಯಬಹುದಂತೆ. 2021ರ ಸೆಪ್ಟೆಂಬರ್ 19ಕ್ಕೆ ಅಲ್ಲಿ ಜ್ವಾಲಾಮುಖಿ ಮತ್ತೆ ಬಾಯಿ ತೆರೆದು 85 ದಿನ ಉರಿದು ಮನೆ, ಬಾಳೆ ತೋಟ, ದಾರಿ ಎಲ್ಲ ಲಾವಾ ಅಡಿಗೆ ಹೋಯ್ತು. ಅದೇ ಕಡೆ ಇನ್ನೊಂದು ದ್ವೀಪ ಮದೇರಾ, ಪೋರ್ಚುಗಲ್‌ದು, ಅಲ್ಲಿ ಬೆಟ್ಟದ ನೀರನ್ನ ತೋಟಕ್ಕೆ ತರೋ ಕಾಲುವೆ ಪಕ್ಕದಲ್ಲೇ ನಡಿಯೋ ದಾರಿ. ಇದನ್ನ ಕೇಳಿ ಗೌಡ್ರು ನಿಂತ್ಬಿಟ್ರು. "ನಮ್ ತೋಟಕ್ಕೂ ಹಂಗೇ ನೀರು ಬರೋದು, ಕಾಲುವೆ ಬದಿಲೇ ನಮ್ಮಪ್ಪ ಓಡಾಡ್ತಿದ್ದಿದ್ದು" ಅಂದ್ರು, ಆಮೇಲೆ ಬಣ್ಣದ ಪಟ್ಟೆ ಬಗ್ಗೆ ಅವ್ನ ಹತ್ರ ಕೂತು ಕೂತು ಕೇಳಿದ್ರು. ಅವ್ರ ಸ್ವಂತ ಜಾಗ, ಸೊಪ್ಪಿನ ಬೆಟ್ಟದ ಮಟ್ಟಿಗಾದ್ರೂ ಕಲ್ಲಿನ ಮೇಲೆ ಒಂದು ಗುರುತು ಹಾಕೋದು, ಎಲ್ಲಿ ಏನಿದೆ ಅಂತ ಕೈಬರಹದಲ್ಲಿ ಒಂದು ನಕ್ಷೆ ಬರ್ದಿಡೋದು ಆಗ್ಲೇಬೇಕು ಅಂತ ನನಗೂ ಅನ್ಸತ್ತೆ. ಈಗ ಆ ದಾರಿ ಪೂರ್ತಿ ಗೊತ್ತಿರೋದು ಗೌಡ್ರು ಒಬ್ರಿಗೆ.

ಎರಡನೇ ಭಾಗ ಹಿಡ್ಲುಮನೆ ಫಾಲ್ಸ್ ಮೇಲಿಂದ ಕೊಡಚಾದ್ರಿ ಹತ್ತೋದು. ಇದು ಗೊತ್ತಿರೋ ಟ್ರೆಕ್ ದಾರಿ, ಕಡಿದು, ಫಾಲ್ಸ್ ಪಕ್ಕದ ಬಂಡೆ ಜಾರತ್ತೆ, ಕೈ ಹಿಡಿದೇ ಹತ್ಬೇಕು. ಫಾಲ್ಸ್ ದಾಟಿ ಕಾಡಿಂದ ಹುಲ್ಲುಗಾವಲಿಗೆ ಬಂದಾಗ ಗಾಳಿ ಮುಖಕ್ಕೆ ಹೊಡಿಯತ್ತೆ. ಮೇಲೆ ಮೂಲ ಮೂಕಾಂಬಿಕೆ ದೇವಸ್ಥಾನ, ಅದರ ಹತ್ರ ಎತ್ತರದ ಕಬ್ಬಿಣದ ಕಂಬ, ಅಲ್ಲಿಂದ ಇನ್ನೂ ಹತ್ತಿದ್ರೆ ಸರ್ವಜ್ಞ ಪೀಠದ ಸಣ್ಣ ಕಲ್ಲು ಮಂಟಪ, ಆದಿಶಂಕರರು ತಪಸ್ಸು ಮಾಡಿದ ಜಾಗ ಅನ್ನೋ ನಂಬಿಕೆ. ಎತ್ತರ 1343 ಮೀಟರ್. ದಾರಿಲಿ ಸಿಗೋ ಕಲ್ಲು ಕೈಲಿ ತಗೊಂಡ್ರೆ ಗಾತ್ರಕ್ಕಿಂತ ಭಾರ, ಕಪ್ಪು ಕೆಂಪು ಮಿಶ್ರ, ಕಬ್ಬಿಣದ ಅದಿರಿನ ಬೆಟ್ಟ ಇದು. ಧಾರವಾಡ ಶಿಲೆಗಳು ಅಂತ ಕರೆಯೋ ಈ ಕಲ್ಲುಗಳ ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ನಮ್ ಅದೃಷ್ಟಕ್ಕೆ ಆಕಾಶ ತೆರೆದಿತ್ತು, ಕೆಳಗೆ ಕೊಲ್ಲೂರು ಕಡೆ ಕಾಡು, ಅದರಾಚೆ ಸಮುದ್ರ ಗೆರೆ ಥರ ಹೊಳೀತಿತ್ತು. ಗೌಡ್ರು "ನಾಳೆ ಅಲ್ಲಿಗೆ" ಅಂದ್ರು, ಮತ್ತೇನೂ ಹೇಳ್ಲಿಲ್ಲ.

ಇಳಿಯೋದು ಜೀಪಲ್ಲಿ. ಮಂಡಿ ಉಳಿಸೋಕೆ ಅಂತ ಹಾಗೆ ಇಟ್ಟಿದ್ದಾರೆ, ಆದ್ರೆ ಆ ಜೀಪು ದಾರಿ ಕುಲುಕಾಟಕ್ಕೆ ಸೊಂಟ ಹೋಯ್ತು, ನಡೆದು ಇಳಿಯೋರಿಗೆ ಅದನ್ನೂ ಒಂದು ಆಯ್ಕೆ ಇಡ್ಬೇಕು. ಶನಿವಾರ ಆಗಿದ್ದಕ್ಕೆ ಮೇಲೆ ಜೀಪು ಸಾಲು, ಧೂಳು, ಹಾರ್ನ್. ನಡೆಯೋಕೆ ಆಗದೇ ಇರೋ ಭಕ್ತರಿಗೆ ಜೀಪು ಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾಲು ಗಟ್ಟಿ ಇರೋ ಹುಡುಗ್ರು ಮಾತ್ರ ಒಂದು ಸಲ ಆದ್ರೂ ಕಾಲಲ್ಲಿ ಹತ್ತಿ ನೋಡ್ಬೇಕು ಅಂತ ನನ್ನ ಆಸೆ. ಈ ಪ್ಯಾಕೇಜ್‌ನ ವಾರದ ನಡುವೆ ತಗೊಳ್ಳಿ, ಆಗ ಬೆಟ್ಟ ನಿಮ್ಗೇ ಸಿಗತ್ತೆ.

ಆರೋಗ್ಯದ ವಿಷಯ ಗಂಭೀರವಾಗಿ ಬರೀತೀನಿ, ಓದ್ದೆ ಹೋಗ್ಬೇಡಿ. ಮಳೆ ಮುಗಿದ ಹೊಸದ್ರಲ್ಲಿ ಹೋದ್ರೆ ಇಂಬಳ, ಅದಕ್ಕೆ ಉಪ್ಪಿನ ಗಂಟು, ಸುಣ್ಣ ಕೊಡ್ತಾರೆ, ಕಚ್ಚಿದ್ರೂ ರಕ್ತ ಸ್ವಲ್ಪ ಹೋಗತ್ತೆ ಅಷ್ಟೇ. ಭಯ ಇರೋದು ಉಣ್ಣೆಗೆ, ಮೈಗೆ ಅಂಟಿ ರಕ್ತ ಹೀರೋ ಸಣ್ಣ ಹುಳ. ಮಂಗನ ಕಾಯಿಲೆ ನಮ್ ಜಿಲ್ಲೇದೇ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆ ಆಗಿದ್ದು, ಸೋಂಕಿರೋ ಉಣ್ಣೆ ಕಚ್ಚಿದ್ರೆ ಬರತ್ತೆ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಗೌಡ್ರು ಹೊರಡೋಕೆ ಮುಂಚೆ ಎಲ್ರಿಗೂ ಉಣ್ಣೆ ಹತ್ತದಂಗೆ ತಡೆಯೋಕೆ ಆರೋಗ್ಯ ಇಲಾಖೆ ಕೊಡೋ ಡೆಪಾ ಎಣ್ಣೆ ಕೈ ಕಾಲಿಗೆ ಹಚ್ಚಿಸಿದ್ರು, ಪ್ಯಾಂಟ್‌ನ ಸಾಕ್ಸ್ ಒಳಗೆ ಸೇರಿಸ್ಕೊಳ್ಳಿ ಅಂದ್ರು, ಒಣಗಿದ ಎಲೆ ರಾಶಿ ಮೇಲೆ ಕೂರೋಕೆ ಬಿಡ್ಲಿಲ್ಲ, ವಾಪಸ್ ಬಂದ ಕೂಡ್ಲೇ ಬಟ್ಟೆ ಬಿಸಿನೀರಿಗೆ ಹಾಕಿಸಿ ಸ್ನಾನ ಮಾಡಿಸಿದ್ರು. ಸುತ್ತಮುತ್ತ ಮಂಗ ಸತ್ತ ಸುದ್ದಿ ಬಂದ್ರೆ ಆ ಸೀಸನ್‌ಗೆ ಕಾಡಿನ ದಾರಿ ಬಂದ್ ಮಾಡ್ತಾರೆ, ಅಡ್ವಾನ್ಸ್ ಪೂರ್ತಿ ವಾಪಸ್. ಇದೊಂದೇ ಕಾರಣಕ್ಕೆ ನಾನು ಇವ್ರನ್ನ ನಂಬ್ತೀನಿ. ಹೋಗಿ ಬಂದ ಎರಡು ವಾರದೊಳಗೆ ಇದ್ದಕ್ಕಿದ್ದಂಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಡಾಕ್ಟ್ರ ಹತ್ರ "ಕಾಡಿಗೆ ಹೋಗಿದ್ದೆ" ಅಂತ ಮೊದಲ ಮಾತಿಗೇ ಹೇಳಿ.

ಮೂರನೇ ದಿನ ಘಟ್ಟದ ಕೆಳಗೆ. ನಾಗೋಡಿ ಘಾಟಿ ಇಳಿದು ಕೊಲ್ಲೂರು, ಅಮ್ಮನವ್ರ ದರ್ಶನ, ಹೆಮ್ಮಾಡಿ ಹತ್ರ ಹೈವೇ, ಕುಂದಾಪುರ, ಬ್ರಹ್ಮಾವರ ದಾಟಿ ಮಲ್ಪೆ. ಇದು ಪೂರ್ತಿ ಗಾಡಿಲಿ. ಮಲ್ಪೆಯಿಂದ ದೋಣಿ, ಸುಮಾರು ಆರು ಕಿಲೋಮೀಟರ್ ಸಮುದ್ರದ ಮೇಲೆ, ಸೇಂಟ್ ಮೇರೀಸ್ ದ್ವೀಪ. ಬೆಟ್ಟದ ನಡಿಗೆಗೆ ದ್ವೀಪ ಯಾಕೆ ಅಂಟಿಸಿದ್ದಾರೆ ಅಂತ ಬುಕ್ ಮಾಡುವಾಗ ನಮಗೂ ಪ್ರಶ್ನೆ ಇತ್ತು, ಹೋದ್ಮೇಲೆ ಇದಿಲ್ದೆ ಈ ಸುತ್ತು ಅರ್ಧ ಅನ್ನಿಸ್ತು.

ದೋಣಿ ಇಳಿದ ಕೂಡ್ಲೇ ಎಲ್ರೂ ತೆಂಗಿನ ಮರದ ನೆರಳು, ಫೋಟೋ ಕಡೆ ಹೋಗ್ತಾರೆ. ಗೌಡ್ರು ನಮ್ಮನ್ನ ಕಲ್ಲಿನ ಕಂಬಗಳ ಹತ್ರ ಕರ್ಕೊಂಡು ಹೋದ್ರು. ಐದು ಮೂಲೆ, ಆರು ಮೂಲೆ, ಏಳು ಮೂಲೆ ಇರೋ ಕಂಬಗಳು ಒತ್ತೊತ್ತಾಗಿ ನಿಂತಿವೆ, ಕೆಲವು ಆಳೆತ್ತರ ಮೀರಿ, ಕೆಲವು ನೆಲಮಟ್ಟಕ್ಕೆ ಕತ್ತರಿಸಿದಂಗೆ, ಅದರ ಮೇಲೇ ನಡಿಯಬಹುದು. ಯಾರೂ ಕೆತ್ತಿದ್ದಲ್ಲ. ಲಾವಾ ಹರಿದು ಬಂದು ತಣ್ಣಗಾಗುವಾಗ ಕುಗ್ಗತ್ತೆ, ಕುಗ್ಗಿದಾಗ ಬಿರುಕು ಬಿಡತ್ತೆ, ಬೇಸಿಗೇಲಿ ಕೆರೆ ಒಣಗಿದಾಗ ತಳದ ಕೆಸರು ಬಿಲ್ಲೆ ಬಿಲ್ಲೆಯಾಗಿ ಒಡೆಯಲ್ವಾ ಅದೇ ಕ್ರಮ, ಇಲ್ಲಿ ಬಿರುಕು ಮೇಲಿಂದ ಆಳಕ್ಕೆ ಇಳಿದು ಹೋಗಿರೋದ್ರಿಂದ ಬಿಲ್ಲೆ ಬದಲು ಕಂಬ ಆಗಿದೆ. ಕಲ್ಲಿನ ಜಾತಿ ರಯೊಲೈಟ್, ವಯಸ್ಸು ಸುಮಾರು 8.8 ಕೋಟಿ ವರ್ಷ. ಆಗ ಮಡಗಾಸ್ಕರ್ ನಮ್ ಪಶ್ಚಿಮ ಕರಾವಳಿಗೆ ಅಂಟ್ಕೊಂಡಿತ್ತು, ಅದು ಒಡೆದು ಬೇರೆ ಆಗೋ ಹೊತ್ತಿಗೆ ಕಕ್ಕಿದ ಲಾವಾ ಇದು. ಬೆಳಗಾವಿ, ಮಹಾರಾಷ್ಟ್ರದ ಕಡೆ ಇರೋ ದಖನ್ ಲಾವಾ ಇದಕ್ಕಿಂತ ತುಂಬ ಈಚಿನದು, ಸುಮಾರು 6.6 ಕೋಟಿ ವರ್ಷದ್ದು, ಕಲ್ಲೂ ಬೇರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಈ ದ್ವೀಪನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಸಾರಿದೆ. ನಮ್ ಘಟ್ಟ ಸಮುದ್ರದ ಕಡೆ ಇಷ್ಟು ಕಡಿದಾಗಿ ಬಿದ್ದಿರೋದಕ್ಕೂ ಆ ಭೂಖಂಡಗಳು ಒಡೆದಿದ್ದಕ್ಕೂ ಸಂಬಂಧ ಇದೆ ಅಂತ ಭೂವಿಜ್ಞಾನಿಗಳು ಹೇಳ್ತಾರೆ. ಹಿಂದಿನ ದಿನ ನಾವು ಏದುಸಿರು ಬಿಟ್ಕೊಂಡು ಹತ್ತಿದ ಏರಿಗೂ ಈ ಕಂಬಕ್ಕೂ ನಂಟು ಇದೆ ಅಂತ ಅಲ್ಲಿ ನಿಂತು ಪೂರ್ವಕ್ಕೆ ನೋಡಿದಾಗ ಮೈ ಜುಮ್ ಅಂತು. ಅಕ್ಕನ ಮಗ ಲಾ ಪಾಲ್ಮಾದ ಲಾವಾ ಇನ್ನೂ ಬಿಸಿ ಆರದೆ ಇದ್ದಾಗ ಹೋಗಿದ್ದೋನು, ಇಷ್ಟು ಹಳೇ ಲಾವಾ ಮನೆ ಹತ್ರಾನೇ ಇಟ್ಕೊಂಡು ಅಷ್ಟು ದೂರ ಹೋಗಿದ್ನಲ್ಲ ಅಂತ ತುಂಬ ಹೊತ್ತು ಕಂಬದ ಮೇಲೆ ಕೂತಿದ್ದ.

ಇಲ್ಲಿನ ದ್ವೀಪಗಳ ಸಾಲಲ್ಲಿ ಒಂದರ ಹೆಸರು ದರಿಯಾ ಬಹದ್ದೂರ್‌ಗಡ, ಅದರ ಮೇಲೆ ಕೋಟೆ ಕಟ್ಟಿಸಿದ್ದು ಬಿದನೂರಿನ ಬಸವಪ್ಪ ನಾಯಕ. ನಗರದ ಕೋಟೆ ಮೇಲೆ ನಿಂತು ಗೌಡ್ರು ಪಶ್ಚಿಮಕ್ಕೆ ಕೈ ತೋರಿಸಿದ್ದು ಎಲ್ಲಿಗೆ ಬಂದು ಮುಟ್ತು ಅಂತ ಆಗ ಅರ್ಥ ಆಯ್ತು. ಮೆಣಸಿನ ದಾರಿ ಸಮುದ್ರದ ದಂಡೆಗೇ ಮುಗಿದಿರ್ಲಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಈ ದ್ವೀಪದಲ್ಲಿ ಇಳಿದು ಸಾಂತಾ ಮಾರಿಯಾ ಅಂತ ಹೆಸರಿಟ್ಟ ಅನ್ನೋ ಪ್ರತೀತಿನೂ ಇದೆ, ಅವ್ನು ಬಂದಿದ್ದೂ ಮೆಣಸಿಗೇನೆ.

ಕೊರತೆ ಇದ್ದಿದ್ದೂ ಈ ದಿನವೇ. ದೋಣಿಯವ್ರು ಬೇಗ ವಾಪಸ್ ಹೊರಡಿಸಿದ್ರು, ಒಂದು ಗಂಟೆ ಚಿಲ್ಲರೆ ಅಷ್ಟೇ ಸಿಕ್ತು, ಎರಡು ದಿನ ನಿಧಾನಕ್ಕೆ ನಡೆಸಿ ಕೊನೇ ದಿನ ಓಡಿಸಿದಂಗಾಯ್ತು. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದು ನಿಲ್ಲೋಕಾಗಲ್ಲ. ಕೊಲ್ಲೂರಲ್ಲಿ ಕ್ಯೂ ಇದ್ರೆ ಇನ್ನೂ ತಡ. ಹಿಂದಿನ ರಾತ್ರಿನೇ ಉಡುಪಿ ಕಡೆ ಉಳಿದು ಬೆಳಗಿನ ಮೊದಲ ದೋಣಿ ಹಿಡಿಯೋ ಹಾಗೆ ಬದಲಾಯಿಸಿ ಅಂತ ಹೇಳಿದೀನಿ, ಖರ್ಚು ಜಾಸ್ತಿ ಆಗತ್ತೆ, ಆದ್ರೂ ಕೊಡೋರು ಕೊಡ್ತಾರೆ ಅಂತ ನನ್ನ ಅನಿಸಿಕೆ. ದ್ವೀಪದ ಕಲ್ಲುಗಳ ಸಂದಿಲಿ ಚಿಪ್ಸ್ ಕವರು, ನೀರಿನ ಬಾಟ್ಲಿ ಕಂಡು ಬೇಜಾರಾಯ್ತು, ಕಂಬದ ಮೇಲೆ ಹೆಸರು ಕೆತ್ತಿದ್ದಾರೆ. ಗೌಡ್ರು ಚೀಲ ತಂದಿದ್ರು, ನಾವೆಲ್ಲ ಸೇರಿ ಕೈಲಾದಷ್ಟು ಆರಿಸಿದ್ವಿ.

ಖರ್ಚು ಒಬ್ರಿಗೆ 6,000 ರೂಪಾಯಿ ಆಸುಪಾಸು, ಊಟ, ಉಳಿಯೋದು, ಗಾಡಿ, ಅನುಮತಿ, ದೋಣಿ ಎಲ್ಲ ಸೇರಿ, ಮಕ್ಕಳಿಗೆ ಕಮ್ಮಿ. ಹತ್ತು ವರ್ಷಕ್ಕಿಂತ ಸಣ್ಣ ಮಕ್ಕಳನ್ನ ಹಿಡ್ಲುಮನೆ ದಾರಿಗೆ ಕರ್ಕೊಂಡು ಹೋಗಲ್ಲ, ಅದು ಸರಿನೇ. ಸ್ಪೀಕರ್ ಹಿಡ್ಕೊಂಡು ಹೋಗೋರು, ಎಣ್ಣೆ ಪಾರ್ಟಿ ಮಾಡೋ ಆಸೆ ಇರೋರು ಫೋನ್ ಮಾಡೋದೇ ಬೇಡ, ಮೊದಲ ಮಾತಿಗೇ ಇಲ್ಲ ಅಂತಾರೆ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ನಿಲ್ಲತ್ತೆ, ಹಿಡ್ಲುಮನೆ ದಾರಿನೂ ಅಪಾಯ, ಹಾಗಾಗಿ ನಡಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ತನಕ ಮಾತ್ರ, ಅದರಲ್ಲೂ ಅಡಿಕೆ ಕೊಯ್ಲು ಜೋರಿದ್ದಾಗ ಗೌಡ್ರಿಗೆ ಪುರುಸೊತ್ತು ಇರಲ್ಲ, ಒಂದು ತಿಂಗಳು ಮುಂಚೆ ಕೇಳಿ. ಮಂಡಿ ನೋವಿರೋ ನಮ್ಮಮ್ಮನಿಗೆ ಆಗತ್ತಾ ಅಂತ ಕೇಳಿದ್ದಕ್ಕೆ, ಕವಲೇದುರ್ಗದ ಮೊದಲ ಬಾಗಿಲವರೆಗೆ ಕಲ್ಲುದಾರಿ, ಮನೆ ಹಿಂದಿನ ಓಣಿ, ಆಮೇಲೆ ದ್ವೀಪ, ಕೊಡಚಾದ್ರಿ ಬಿಟ್ಟು ಇಷ್ಟನ್ನ ನಿಧಾನಕ್ಕೆ ಮಾಡಿಸ್ತೀನಿ, ಟಾಯ್ಲೆಟ್ ಅಷ್ಟರೊಳಗೆ ಮನೆ ಒಳಗೇ ಕಟ್ಟಿಸಿರ್ತೀನಿ ಅಂದಿದ್ದಾರೆ, ಜನವರಿಗೆ ತಾರೀಕು ಕೇಳಿಟ್ಟಿದೀವಿ.